ಅನ್ನಾ ಮಣಿ

ಅನ್ನಾ ಮಣಿ (23 ಆಗಸ್ಟ್ 1918 – 16 ಆಗಸ್ಟ್ 2001) ಭಾರತದ ಭೌತವಿಜ್ಞಾನಿ ಹಾಗೂ ಹವಾಮಾನ ವಿಜ್ಞಾನಿ. ದೇಶದಲ್ಲಿ ಸೌರ ವಿಕಿರಣವನ್ನು ಕ್ರಮಬದ್ಧವಾಗಿ ಅಳೆಯುವ ವ್ಯವಸ್ಥೆಗೆ ತಳಹದಿ ಹಾಕಿದವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ ಜನಿಸಿದ ಇವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1940ರಲ್ಲಿ ವಿದ್ಯಾರ್ಥಿವೇತನದೊಂದಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಲ್ಲಿ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತಗಳನ್ನು ಅಭ್ಯಸಿಸಿದರು. ಒಂದೊಂದು ಛಾಯಾಫಲಕಕ್ಕೂ ಹಲವು ಗಂಟೆಗಳ ಕಾಲ ಬೆಳಕು ಬೀಳಿಸಬೇಕಾಗಿದ್ದರಿಂದ ರಾತ್ರಿಯೆಲ್ಲ ಪ್ರಯೋಗಾಲಯದಲ್ಲಿ ಕಳೆಯುವುದು ವಾಡಿಕೆಯಾಗಿತ್ತು. 1945ರಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ ಮದರಾಸು ವಿಶ್ವವಿದ್ಯಾನಿಲಯ ಡಾಕ್ಟರೇಟ್ ನೀಡಲಿಲ್ಲ. ಸ್ನಾತಕೋತ್ತರ ಪದವಿ ಇಲ್ಲವೆಂಬುದೇ ಅದಕ್ಕೆ ಕಾರಣ. ಸಂಶೋಧನೆಯಲ್ಲಿ ಕೊರತೆ ಇತ್ತೆಂದಲ್ಲ.

ವಿಕಿರಣ ಮಾಪನ

ಲಂಡನ್ನಿನಲ್ಲಿ ಹವಾಮಾನ ಉಪಕರಣಗಳ ಬಗ್ಗೆ ಪರಿಣತಿ ಪಡೆದು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ವಿದೇಶಗಳಿಂದ ತರಿಸುತ್ತಿದ್ದ ಉಪಕರಣಗಳನ್ನು ದೇಶದಲ್ಲೇ ತಯಾರಿಸಲು ನೂರರಷ್ಟು ಉಪಕರಣಗಳ ನಕಾಶೆಗಳನ್ನು ಪ್ರಮಾಣೀಕರಿಸಿದರು. 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಸೌರ ವಿಕಿರಣ ಮಾಪನ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲೆಂಬುದು ಇವರ ಖಚಿತ ನಿಲುವಾಗಿತ್ತು.

ಈ ನಿಲುವಿನ ಮಹತ್ವ ಹವಾಗುಣದ ಗಣಕ ಮಾದರಿಗಳು ಬಂದ ಮೇಲೆ ಇನ್ನಷ್ಟು ಸ್ಪಷ್ಟವಾಗಿದೆ. ಮೋಡಗಳು ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸಿ ಭೂಮಿಯನ್ನು ತಂಪಾಗಿಸುತ್ತವೆ. ನೆಲದಿಂದ ಹೊರಡುವ ಶಾಖವನ್ನು ತಡೆದು ಬೆಚ್ಚಗೂ ಇರಿಸುತ್ತವೆ. ಮಾದರಿಗಳು ಭೂಮಿಯನ್ನು ಹತ್ತಾರು ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸುವುದರಿಂದ ಬಿಡಿ ಮೋಡಗಳು ಅವುಗಳಲ್ಲಿ ಹಿಡಿಯುವುದಿಲ್ಲ. ಅಂದಾಜು ಸೂತ್ರಗಳನ್ನೇ ಆಶ್ರಯಿಸಬೇಕಾಗುತ್ತದೆ. ಮೋಡದ ಪ್ರಮಾಣ ಮತ್ತು ಅದರ ಹೊಳಪು ಎರಡೂ ತಪ್ಪಾಗಿದ್ದರೂ, ಒಂದು ದೋಷ ಇನ್ನೊಂದನ್ನು ಸರಿದೂಗಿಸಿ ಒಟ್ಟು ವಿಕಿರಣ ಸರಿಯಾಗಿ ಕಾಣಬಹುದು. ಆದ್ದರಿಂದ ಉಪಗ್ರಹ ದತ್ತಾಂಶದ ಜೊತೆಗೆ ನೆಲದ ಮೇಲಿನ ನಂಬಲರ್ಹ ಅಳತೆಗಳೂ ಅಗತ್ಯ. ಮುಂಗಾರು ಮೋಡ ತಿಂಗಳುಗಟ್ಟಲೆ ಕವಿಯುವ ಭಾರತದಂತಹ ದೇಶಕ್ಕೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ನಿವೃತ್ತಿಯ ನಂತರ

ಇಲಾಖೆಯ ಉಪ ಮಹಾನಿರ್ದೇಶಕರಾಗಿ 1976ರಲ್ಲಿ ನಿವೃತ್ತರಾಗಿ, ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಂದರ್ಶಕ ಪ್ರಾಧ್ಯಾಪಕರಾದರು. ಭಾರತದ ಸೌರ ವಿಕಿರಣ ದತ್ತಾಂಶದ ಕೈಪಿಡಿಯನ್ನು 1980ರಲ್ಲಿ ಪ್ರಕಟಿಸಿದರು. ಗಾಳಿಯ ವೇಗ ಹಾಗೂ ಸೌರಶಕ್ತಿಯನ್ನು ಅಳೆಯುವ ಉಪಕರಣಗಳ ಪುಟ್ಟ ಕಾರ್ಖಾನೆಯೊಂದನ್ನೂ ಬೆಂಗಳೂರಿನಲ್ಲಿ ನಡೆಸಿದರು. 1902ರಿಂದ ಕಾವೇರಿಯ ನೀರಿನಲ್ಲಿ ವಿದ್ಯುತ್ ಉತ್ಪಾದಿಸುತ್ತಿರುವ ಶಿವನಸಮುದ್ರದ ಸಮೀಪ, ಶಿಂಷಾದಲ್ಲಿ, ಈಗ ಸೌರ ವಿದ್ಯುತ್ ಸ್ಥಾವರವೂ ಇದೆ. ಮೋಡ ಕವಿದ ತಿಂಗಳುಗಳಲ್ಲಿ ಎಷ್ಟು ಬಿಸಿಲು ದೊರೆತೀತೆಂಬ ಲೆಕ್ಕವಿಲ್ಲದೆ ಇಂತಹ ಸ್ಥಾವರಗಳನ್ನು ಯೋಜಿಸಲಾಗದು.

ಅವಿವಾಹಿತರಾಗಿಯೇ ಉಳಿದ ಅನ್ನಾ ಮಣಿ 2001ರಲ್ಲಿ ತಿರುವನಂತಪುರದಲ್ಲಿ ನಿಧನರಾದರು. ಪದವಿ ದೊರೆಯದ ಆ ಮಹಾಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.