ಫಲದ ಹಂಗಿಲ್ಲದ ಕರ್ಮಯೋಗಿ: ಡಾಗ್ ಹಾಮರ್‌ಷೋಲ್ಡ್

ಸ್ವೀಡನ್ನಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಸಾವಿರ ಕ್ರೋನರ್ ನೋಟನ್ನು ಕೈಯಲ್ಲಿ ಹಿಡಿದವರು ಕಡಿಮೆ. ಇಲ್ಲಿ ಬಾಳೆಹಣ್ಣಿಗೂ ಬಸ್ಸಿನ ಟಿಕೆಟ್ಟಿಗೂ ಕಾರ್ಡು ಇಲ್ಲವೇ ಮೊಬೈಲು ಸಾಕು. ಎಂದಾದರೂ ಆ ನೋಟು ಸಿಕ್ಕರೆ ಅದರ ಮೇಲಿರುವ ಮುಖವನ್ನು ಒಮ್ಮೆ ಗಮನಿಸಿ. 2015ರಲ್ಲಿ ಚಲಾವಣೆಗೆ ಬಂದ ಈ ನೋಟಿನ ಮೇಲಿರುವವರು ವಿಶ್ವಸಂಸ್ಥೆಯ ಎರಡನೆಯ ಪ್ರಧಾನ ಕಾರ್ಯದರ್ಶಿ ಡಾಗ್ ಹಾಮರ್‌ಷೋಲ್ಡ್ ಅವರು. ಸೆಪ್ಟೆಂಬರ್ 18 ಅವರು ತೀರಿಕೊಂಡ ದಿನ.

ಮನುಷ್ಯರೆಲ್ಲ ಒಂದೇ ಎಂಬ ಮಾತು ಕನ್ನಡಿಗರಾದ ನಮಗೆ ಹೊಸದಲ್ಲ. ಪಂಪನಿಂದ ಕುವೆಂಪು ಅವರವರೆಗೆ ಅದನ್ನು ಕೇಳುತ್ತಲೇ ಬಂದಿದ್ದೇವೆ. ಆದರೆ ದಿನನಿತ್ಯದ ಕೆಲಸದಲ್ಲಿ, ಅದೂ ನಾಲ್ಕೂ ಕಡೆಯಿಂದ ಒತ್ತಡ ಬರುವಾಗ, ಆ ಮಾತಿನಂತೆ ನಡೆಯುವುದು ಹೇಗೆ? ಈ ಪ್ರಶ್ನೆಗೆ ಹಾಮರ್‌ಷೋಲ್ಡರ ಬದುಕಿನಲ್ಲಿ ಉತ್ತರ ಸಿಗುತ್ತದೆ ಎಂದು ನಮಗೆ ಅನ್ನಿಸಿದ್ದರಿಂದ ಈ ಲೇಖನ.

ಡಾಗ್ ಹುಟ್ಟಿದ್ದು 1905ರ ಜುಲೈ 29ರಂದು, ಯೊನ್‌ಶೋಪಿಂಗ್ ಊರಿನಲ್ಲಿ. ನಾಲ್ಕು ಗಂಡುಮಕ್ಕಳಲ್ಲಿ ಇವರೇ ಕೊನೆಯವರು. ತಂದೆ ಯಾಲ್ಮರ್ ಅವರು ಉಪ್ಸಾಲಾ ಪ್ರಾಂತ್ಯದ ಗವರ್ನರ್ ಆಗಿದ್ದುದರಿಂದ ಬಾಲ್ಯ ಕಳೆದದ್ದು ಅಲ್ಲಿನ ಕೋಟೆಯಲ್ಲಿ. 1914ರಿಂದ 1917ರವರೆಗೆ, ಅಂದರೆ ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ತಂದೆ ದೇಶದ ಪ್ರಧಾನಿಯೂ ಆಗಿದ್ದರು. ತಂದೆಯ ಕಡೆಯವರು ಸೈನಿಕರು, ಸರ್ಕಾರಿ ಅಧಿಕಾರಿಗಳು. ಅವರಿಂದ ತಾವು ನಿಸ್ವಾರ್ಥ ಸೇವೆಯನ್ನು ಕಲಿತದ್ದಾಗಿ ಡಾಗ್ ಮುಂದೆ ಒಂದು ರೇಡಿಯೋ ಕಾರ್ಯಕ್ರಮದಲ್ಲಿ ನೆನೆದರು. ತಾಯಿಯ ಕಡೆಯವರು ವಿದ್ವಾಂಸರು, ಪಾದ್ರಿಗಳು. ದೇವರ ಮಕ್ಕಳಾಗಿ ಎಲ್ಲರೂ ಸಮಾನರು ಎಂಬ ನಂಬಿಕೆ ಬಂದದ್ದು ಅವರಿಂದಂತೆ.

ಅವರು ಓದಿದ್ದು ಅರ್ಥಶಾಸ್ತ್ರ. 1933ರಲ್ಲಿ ಡಾಕ್ಟರೇಟ್ ಪಡೆದರು. ಮೂವತ್ತೊಂದನೆಯ ವಯಸ್ಸಿಗೇ ಹಣಕಾಸು ಇಲಾಖೆಯ ಕಾರ್ಯದರ್ಶಿಯಾದರು. 1951ರಲ್ಲಿ ಮಂತ್ರಿಮಂಡಲಕ್ಕೆ ಸೇರಿದಾಗಲೂ ಯಾವ ಪಕ್ಷದ ಸದಸ್ಯತ್ವವನ್ನೂ ಪಡೆಯಲಿಲ್ಲ. ಮದುವೆಯಾಗಲಿಲ್ಲ. ಬಿಡುವು ಸಿಕ್ಕರೆ ಉತ್ತರದ ಲಾಪ್‌ಲ್ಯಾಂಡಿನ ಬೆಟ್ಟಗಳನ್ನು ಹತ್ತುತ್ತಿದ್ದರು.

1953ರ ಏಪ್ರಿಲ್‌ನಲ್ಲಿ ಅವರು ವಿಶ್ವಸಂಸ್ಥೆಯ ಹೊಣೆ ಹೊತ್ತರು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಶೀತಲ ಸಮರದ ಕಾಲ ಅದು. ಈ ಅಧಿಕಾರಿ ಸದ್ದಿಲ್ಲದೆ ಕಡತ ನೋಡಿಕೊಂಡಿರುತ್ತಾರೆ, ತಮಗೇನೂ ತೊಂದರೆಯಿಲ್ಲ ಎಂದು ದೊಡ್ಡ ದೇಶಗಳು ಭಾವಿಸಿದ್ದವು. ಆದರೆ ಅದೇ ವರ್ಷ, ನೌಕರರ ವಿಚಾರಣೆಗೆಂದು ವಿಶ್ವಸಂಸ್ಥೆಯ ಕಟ್ಟಡದೊಳಗೇ ಬೀಡುಬಿಟ್ಟಿದ್ದ ಅಮೆರಿಕದ ಎಫ್‌ಬಿಐ ಅಧಿಕಾರಿಗಳನ್ನು ಅವರು ಹೊರಗೆ ಕಳುಹಿಸಿದರು. ಎಲ್ಲ ದೇಶಗಳ ಮನೆಯಲ್ಲಿ ಒಂದು ದೇಶದ ಪೊಲೀಸರು ಕೂರುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

1955ರ ಜನವರಿಯಲ್ಲಿ ಅವರು ಚೀನಾಕ್ಕೆ ಹೋದರು. ಅಲ್ಲಿ 11 ಮಂದಿ ಅಮೆರಿಕನ್ ವಾಯುಪಡೆಯವರು ಸೆರೆಯಲ್ಲಿದ್ದರು. ಕಮ್ಯುನಿಸ್ಟ್ ಚೀನಾಕ್ಕೆ ಆಗ ವಿಶ್ವಸಂಸ್ಥೆಯಲ್ಲಿ ಸ್ಥಾನವೇ ಇರಲಿಲ್ಲ. ಆದರೂ ಪ್ರಧಾನಿ ಚೌ ಎನ್-ಲಾಯ್ ಅವರೊಂದಿಗೆ ಸಮಾನ ಗೌರವದಿಂದ ಮಾತನಾಡಿದರು. ಡಾಗ್ ಅವರಿಗೆ ಐವತ್ತು ತುಂಬಿದ ಆ ಬೇಸಿಗೆಯಲ್ಲೇ ಸೆರೆಯಾಳುಗಳು ಬಿಡುಗಡೆಯಾದರು. ಮರುವರ್ಷ ಸೂಯೆಜ್ ಕಾಲುವೆಯ ವಿಷಯದಲ್ಲಿ ಇಸ್ರೇಲ್, ಬ್ರಿಟನ್ ಮತ್ತು ಫ್ರಾನ್ಸ್ ಈಜಿಪ್ಟಿನ ಮೇಲೆ ಯುದ್ಧಕ್ಕೆ ಹೋದಾಗ, ಕೆಲವೇ ದಿನಗಳಲ್ಲಿ ವಿಶ್ವಸಂಸ್ಥೆಯ ಮೊದಲ ಶಾಂತಿಪಾಲನಾ ಪಡೆಯನ್ನು ಕಟ್ಟಿ ನಿಲ್ಲಿಸಿದರು. ಆ ಪಡೆಯಲ್ಲಿ ನಮ್ಮ ಭಾರತದ ಸೈನಿಕರೂ ಸ್ವೀಡನ್ನಿನ ಸೈನಿಕರೂ ಇದ್ದರು ಎಂಬುದು ನಮಗೆ ಹೆಮ್ಮೆಯ ವಿಷಯ.

ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಒಂದು ಪುಟ್ಟ ಧ್ಯಾನದ ಕೋಣೆ ಇದೆ. 1957ರಲ್ಲಿ ಅದನ್ನು ಹೊಸದಾಗಿ ರೂಪಿಸಿದವರು ಡಾಗ್ ಅವರೇ. ಒಳಗೆ ಶಿಲುಬೆಯಿಲ್ಲ, ವಿಗ್ರಹವಿಲ್ಲ, ಯಾವ ಧರ್ಮದ ಗುರುತೂ ಇಲ್ಲ. ನಡುವೆ ಸ್ವೀಡನ್ನಿನಿಂದ ತಂದ ಸುಮಾರು ಆರೂವರೆ ಟನ್ ತೂಕದ ಕಬ್ಬಿಣದ ಅದಿರಿನ ಬಂಡೆ, ಅದರ ಮೇಲೆ ಬೀಳುವ ಒಂದು ಬೆಳಕು, ಅಷ್ಟೆ. ಹಲವು ಹೆಸರು, ಹಲವು ರೂಪಗಳಲ್ಲಿ ಜನ ಪೂಜಿಸುವ ದೇವರಿಗೆ ಇದು ಬಲಿಪೀಠ ಎಂಬ ಭಾವದಲ್ಲಿ ಅವರು ಅದನ್ನು ಕಂಡರು. ಕಬ್ಬಿಣದಿಂದ ಕತ್ತಿಯೂ ಆಗುತ್ತದೆ, ಮನೆಯೂ ಆಗುತ್ತದೆ. ಆಯ್ಕೆ ಮನುಷ್ಯನದು ಎಂಬುದೂ ಅವರ ಆಶಯವಾಗಿತ್ತು.

ಅತ್ಯಂತ ಕಠಿಣ ಪರೀಕ್ಷೆ ಬಂದದ್ದು ಕಾಂಗೋ ದೇಶದಲ್ಲಿ. 1960ರ ಜೂನ್ 30ರಂದು ಬೆಲ್ಜಿಯಂನಿಂದ ಸ್ವತಂತ್ರವಾದ ಕಾಂಗೋ ಕೆಲವೇ ದಿನಗಳಲ್ಲಿ ಅಲ್ಲೋಲಕಲ್ಲೋಲವಾಯಿತು. ಗಣಿಗಳಿಂದ ಶ್ರೀಮಂತವಾಗಿದ್ದ ಕಟಾಂಗಾ ಪ್ರಾಂತ್ಯ ಬೇರೆಯಾಗಿ ನಿಂತಿತು. ವಿಶ್ವಸಂಸ್ಥೆಯ ಪಡೆ ಹೋಯಿತು. ಭಾರತದ ರಾಜೇಶ್ವರ್ ದಯಾಳ್ ಅವರು ಕೆಲಕಾಲ ಅಲ್ಲಿ ಡಾಗ್ ಅವರ ಪ್ರತಿನಿಧಿಯಾಗಿದ್ದರು. ಯಾರ ಪಕ್ಷವನ್ನೂ ವಹಿಸದೆ ನಿಂತದ್ದರಿಂದ ಎಲ್ಲರ ಸಿಟ್ಟೂ ಅವರ ಮೇಲೆಯೇ ತಿರುಗಿತು. ಸೋವಿಯತ್ ನಾಯಕ ಕ್ರುಶ್ಚೇವ್ ಅವರು ಡಾಗ್ ರಾಜೀನಾಮೆ ಕೊಡಬೇಕೆಂದು ಮಹಾಸಭೆಯಲ್ಲೇ ಒತ್ತಾಯಿಸಿದರು. ವಿಶ್ವಸಂಸ್ಥೆ ಬೇಕಾಗಿರುವುದು ದೊಡ್ಡವರಿಗಲ್ಲ, ಉಳಿದ ದೇಶಗಳಿಗೆ. ಅವು ಬಯಸುವಷ್ಟು ಕಾಲ ತಾವು ಇರುವುದಾಗಿ ಡಾಗ್ ಉತ್ತರ ಕೊಟ್ಟರು. ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತು.

ಆದರೆ ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಸಹಾಯಕ್ಕಾಗಿ ವಿಶ್ವಸಂಸ್ಥೆಯನ್ನು ಕರೆದಿದ್ದ ಕಾಂಗೋದ ಮೊದಲ ಪ್ರಧಾನಿ ಲುಮುಂಬಾ ಅವರು ಅಧಿಕಾರ ಕಳೆದುಕೊಂಡು, ಸೆರೆಯಾಗಿ, 1961ರ ಜನವರಿ 17ರಂದು ಕಟಾಂಗಾದಲ್ಲಿ ಕೊಲೆಯಾದರು. ಅವರನ್ನು ಉಳಿಸಲು ವಿಶ್ವಸಂಸ್ಥೆಯಿಂದ ಆಗಲಿಲ್ಲ. ಪಕ್ಷ ವಹಿಸದಿರುವುದು ಎಂದರೆ ಅನ್ಯಾಯದ ಎದುರು ಕೈಕಟ್ಟಿ ನಿಲ್ಲುವುದೇ ಎಂದು ಅಂದು ಅನೇಕರು ಕೇಳಿದರು. ಆ ಪ್ರಶ್ನೆ ಇಂದಿಗೂ ಉಳಿದಿದೆ. ಮಹಾತ್ಮರ ಕಥೆ ಹೇಳುವಾಗ ಇಂಥದ್ದನ್ನು ಮುಚ್ಚಿಡುವುದು ಅವರಿಗೆ ಸಲ್ಲಿಸುವ ಗೌರವವಲ್ಲ ಎಂದು ನಾವು ನಂಬಿದ್ದೇವೆ.

ಡಾಗ್ ಅವರು ಕೆಲಸ ಬಿಟ್ಟು ಓಡಲಿಲ್ಲ. 1961ರ ಸೆಪ್ಟೆಂಬರ್ 17ರಂದು, ಕದನವಿರಾಮಕ್ಕಾಗಿ ಕಟಾಂಗಾದ ನಾಯಕ ಚೋಂಬೆ ಅವರನ್ನು ಕಾಣಲು ವಿಮಾನ ಹತ್ತಿದರು. ನಡುರಾತ್ರಿ ಕಳೆದ ಮೇಲೆ, ಈಗಿನ ಜಾಂಬಿಯಾದ ಎಂಡೋಲಾ ಬಳಿಯ ಕಾಡಿನಲ್ಲಿ ವಿಮಾನ ಬಿತ್ತು. ಅದರಲ್ಲಿದ್ದ 16 ಮಂದಿಯಲ್ಲಿ ಕೊನೆಗೆ ಯಾರೂ ಉಳಿಯಲಿಲ್ಲ. ಅದು ಅಪಘಾತವೋ ಪಿತೂರಿಯೋ ಎಂಬ ಸಂಶಯ ತೀರದೆ, ಐವತ್ತು ವರ್ಷ ಕಳೆದ ಮೇಲೂ ವಿಶ್ವಸಂಸ್ಥೆ ಮತ್ತೆ ತನಿಖೆ ಕೈಗೊಂಡಿತು. ಅದೇ ವರ್ಷ ಅವರಿಗೆ ಮರಣೋತ್ತರವಾಗಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ನ್ಯೂಯಾರ್ಕಿನ ಅವರ ಮನೆಯಲ್ಲಿ ಒಂದು ಹಸ್ತಪ್ರತಿ ಸಿಕ್ಕಿತು. 1963ರಲ್ಲಿ ಅದು ದಾರಿಗುರುತುಗಳು ಎಂಬ ಅರ್ಥದ ಹೆಸರಿನಲ್ಲಿ ಸ್ವೀಡಿಷ್ ಭಾಷೆಯಲ್ಲಿ ಅಚ್ಚಾಯಿತು. ಅದನ್ನು ಓದಿದವರಿಗೆ ಆಶ್ಚರ್ಯ! ಇಡೀ ಜಗತ್ತಿನ ರಾಜಕಾರಣದ ಬಗ್ಗೆ ಅಲ್ಲಿ ಹೆಚ್ಚು ಮಾತಿಲ್ಲ. ಒಬ್ಬ ಮನುಷ್ಯ ತನ್ನ ಅಹಂಕಾರವನ್ನು, ಒಂಟಿತನವನ್ನು, ದೇವರ ಮುಂದಿನ ತನ್ನ ಲೆಕ್ಕವನ್ನು ದಿನದಿನವೂ ತೂಗಿ ನೋಡಿಕೊಂಡ ಬರಹ ಅದು. ಒಂದು ಭಾಷಣದಲ್ಲಿ ಅವರು ಭಗವದ್ಗೀತೆಯನ್ನೇ ನೆನೆದು, ಫಲದ ಚಿಂತೆ ಬಿಟ್ಟು ಮಾಡುವ ಕೆಲಸವೇ ಮೇಲು ಎಂದಿದ್ದರು. ಫಲದ ಆಸೆ ಬಿಡುವುದೆಂದರೆ ಫಲ ಸಿಗದ ದಿನವೂ ಕೆಲಸಕ್ಕೆ ಹಾಜರಾಗುವುದು ಎಂಬುದು ನಮಗೆ ಅರ್ಥವಾದದ್ದು ಅವರ ಕಾಂಗೋದ ದಿನಗಳನ್ನು ಓದಿದ ಮೇಲೆ.

ನಾವು ಸಾಫ್ಟ್‌ವೇರ್ ಕೆಲಸ ಅರಸಿ ಈ ದೇಶಕ್ಕೆ ಬಂದವರು. ವಾರಾಂತ್ಯ ಬಂದರೆ ನಮ್ಮವರೇ ಸೇರುತ್ತೇವೆ, ಹಬ್ಬ ಮಾಡುತ್ತೇವೆ, ಬಿಸಿಬೇಳೆಬಾತ್ ಉಣ್ಣುತ್ತೇವೆ. ತಪ್ಪೇನಿಲ್ಲ. ಆದರೆ ನಮ್ಮವರು ಎಂಬ ಪದದೊಳಗೆ ಮೆಟ್ಟಿಲ ಆಚೆ ಮನೆಯ ಒಂಟಿ ಅಜ್ಜಿ ಬರುತ್ತಾರೆಯೇ? ಯುದ್ಧದಿಂದ ತಪ್ಪಿಸಿಕೊಂಡು ಬಂದು ನಮ್ಮ ಮಕ್ಕಳ ತರಗತಿಗೆ ಸೇರಿದ ಹುಡುಗ ಬರುತ್ತಾನೆಯೇ? ನಾವೇ ಕೇಳಿಕೊಳ್ಳಬೇಕು.

ಡಾಗ್ ಅವರ ಸಮಾಧಿ ಉಪ್ಸಾಲಾದ ಹಳೆಯ ಸ್ಮಶಾನದಲ್ಲಿ, ಅವರ ಮನೆತನದ ಜಾಗದಲ್ಲಿದೆ. ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಆಗುವುದಿಲ್ಲ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಎರಡು ಹೂವಿಟ್ಟು ಬನ್ನಿ.