ಡೀಸೆಲ್ ಅನ್ನೋ ಮನುಷ್ಯ

ಡೀಸೆಲ್ ಸೈಕಲ್ ಬರೆದು ಮಾರ್ಕ್ಸ್ ತಗೊಂಡ ನಮ್ಮಲ್ಲಿ, ಈ ಡೀಸೆಲ್ ಯಾರು ಅಂತ ಕೇಳಿದವರು ಕಡಿಮೆ.

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರಲ್ಲಿ, ಪ್ಯಾರಿಸ್ಸಿನಲ್ಲಿ. ತಂದೆ ತಾಯಿ ಜರ್ಮನ್ನರು. 1870ರಲ್ಲಿ ಫ್ರಾನ್ಸಿಗೂ ಜರ್ಮನ್ನರಿಗೂ ಯುದ್ಧ ಶುರುವಾದಾಗ ಸಂಸಾರ ಲಂಡನ್ನಿಗೆ ಹೋಯಿತು. ಹನ್ನೆರಡರ ಹುಡುಗನನ್ನು ಓದಲು ಆಗ್ಸ್‌ಬರ್ಗಿನ ನೆಂಟರ ಮನೆಗೆ ಕಳಿಸಿದರು. ಮುಂದೆ ಮ್ಯೂನಿಕ್‌ನಲ್ಲಿ ಎಂಜಿನಿಯರಿಂಗ್ ಓದುವಾಗ, ಉಗಿ ಎಂಜಿನ್ನಿನಲ್ಲಿ ಕಲ್ಲಿದ್ದಲಿನ ಶಾಖ ಬಹುಪಾಲು ದಂಡವಾಗುತ್ತೆ ಅನ್ನೋದು ಆತನ ತಲೆಯಲ್ಲಿ ಕೂತುಬಿಟ್ಟಿತು.

ಗಾಳಿಯನ್ನು ಚೆನ್ನಾಗಿ ಅದುಮಿದರೆ ಅದು ಕಾಯುತ್ತೆ. ಆಗ ಸಿಂಪಡಿಸಿದ ಇಂಧನ ತಾನೇ ಹೊತ್ತಿಕೊಳ್ಳುತ್ತೆ, ಸ್ಪಾರ್ಕ್ ಬೇಡ. 1892ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದ. 1893ರ ಮೊದಲ ಪ್ರಯೋಗದಲ್ಲಿ ಒತ್ತಡ ಅಳೆಯೋ ಉಪಕರಣವೇ ಸಿಡಿಯಿತು. 1897ರ ಪರೀಕ್ಷೆಯಲ್ಲಿ ಶೇ. 26ರಷ್ಟು ದಕ್ಷತೆ ಬಂತು. ಹೆಸರು, ಹಣ ಎರಡೂ ಬಂದವು.

ಆದರೆ ಪರೀಕ್ಷೆಯಲ್ಲಿ ಓಡಿದ್ದು ಗಿರಾಕಿಗಳ ಹತ್ತಿರ ಓಡಲಿಲ್ಲ. ಮೊದಮೊದಲ ಎಂಜಿನ್‌ಗಳು ಕೆಟ್ಟು ನಿಂತವು, ಕೆಲವು ವಾಪಸ್ಸೇ ಬಂದವು. ಕಾರ್ಖಾನೆಯ ಎಂಜಿನಿಯರ್‌ಗಳು ವರ್ಷಗಟ್ಟಲೆ ಕೂತು ಒಂದೊಂದೇ ದೋಷ ತಿದ್ದಬೇಕಾಯಿತು. ಅಷ್ಟರಲ್ಲಿ ಡೀಸೆಲ್‌ನ ಆರೋಗ್ಯ ಕುಸಿಯಿತು, ಆಮೇಲೆ ಸಾಲವೂ ಬೆಳೆಯಿತು. 1913ರ ಸೆಪ್ಟೆಂಬರ್ 29ರಂದು ಆಂಟ್‌ವರ್ಪ್‌ನಿಂದ ಇಂಗ್ಲೆಂಡಿಗೆ ಹೊರಟ ಡ್ರೆಸ್ಡನ್ ಅನ್ನೋ ಉಗಿ ಹಡಗು ಹತ್ತಿದ. ಬೆಳಿಗ್ಗೆ ನೋಡಿದರೆ ಕ್ಯಾಬಿನ್ ಖಾಲಿ. ಕೆಲವು ದಿನಗಳ ನಂತರ ಸಮುದ್ರದಲ್ಲಿ ಸಿಕ್ಕ ಶವದ ಮೇಲಿದ್ದ ವಸ್ತುಗಳನ್ನು ಮಗ ಗುರುತಿಸಿದ. ಅಪಘಾತವೋ, ಆತ್ಮಹತ್ಯೆಯೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಅದೇ ಸಮುದ್ರದ ಮೇಲೆ ಈಗ ಪುಟ್ಟ ಹಾಯಿದೋಣಿಗಳಲ್ಲೂ ಆತನ ಎಂಜಿನ್ ಇರುತ್ತೆ. ಗಾಳಿ ಇರೋವರೆಗೂ ಅದಕ್ಕೆ ಕೆಲಸವಿಲ್ಲ. ಗಾಳಿ ನಿಂತು, ಸೆಳೆತ ದೋಣಿಯನ್ನು ಬಂಡೆ ಕಡೆ ಎಳೆಯುವಾಗ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್ ಆಗಲೇಬೇಕು. ಕಷ್ಟ ಏನಂದ್ರೆ, ತಿಂಗಳುಗಟ್ಟಲೆ ಅರ್ಧ ಖಾಲಿ ಬಿಟ್ಟ ಟ್ಯಾಂಕಿನಲ್ಲಿ ತೇವ ಹನಿಗಟ್ಟಿ ನೀರು ಸೇರುತ್ತೆ. ಆ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟಿಕೊಳ್ಳುತ್ತೆ. ಅದಕ್ಕೇ ಟ್ಯಾಂಕ್ ತುಂಬಿಸಿಡಬೇಕು, ಫಿಲ್ಟರ್ ತಳದ ನೀರು ಬಿಡಬೇಕು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಬೇಕು. ಎಂಜಿನ್ ತಣ್ಣಗಿಡಲು ಸಮುದ್ರದ ನೀರೆಳೆಯೋ ಪಂಪಿನ ರಬ್ಬರ್ ಇಂಪೆಲ್ಲರನ್ನು ಹರಿಯೋ ಮೊದಲೇ ಬದಲಿಸಬೇಕು.

ಇದಕ್ಕೆ ಯಾರೂ ಪೇಟೆಂಟ್ ಕೊಡಲ್ಲ. ಆದರೆ ಡೀಸೆಲ್‌ನ ಎಂಜಿನ್ ಉಳಿದದ್ದು ಇಂಥ ತಾಳ್ಮೆಯ ಕೆಲಸದಿಂದಲೇ. ಡೆಮೊ ದಿನ ಪ್ರಾಜೆಕ್ಟ್ ಓಡಿದರೆ ಸಾಕು ಅಂದ್ಕೊಳ್ಳೋ ನಾವು, ಮಾರನೇ ದಿನವೂ ಅದನ್ನೊಮ್ಮೆ ಸ್ಟಾರ್ಟ್ ಮಾಡಿ ನೋಡೋಣ.