ಗೋಕಾಕದ ಖಡ್ಗಮೃಗ ಮತ್ತು ಬ್ರೂಸ್ ಫೂಟ್

ಇಂಗ್ಲೆಂಡಿನಲ್ಲಿ 1834ರಲ್ಲಿ ಜನಿಸಿದ ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ದೊರೆತ ಶಿಲಾಯುಧವು ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿಯಾಯಿತು. ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯಲ್ಲಿ ದೊರೆತ ಖಡ್ಗಮೃಗದ ಪಳೆಯುಳಿಕೆಗಳನ್ನು 1874ರಲ್ಲಿ ದಖ್ಖನಿನ ಹೆಸರಿಟ್ಟು ವರ್ಣಿಸಿದವರೂ ಅವರೇ.

ಖಡ್ಗಮೃಗಗಳ ಆದಿಮ ಪೂರ್ವಜರು ಗಾತ್ರದಲ್ಲಿ ಕಿರಿಯವು. ಕೋಟ್ಯಂತರ ವರ್ಷಗಳಲ್ಲಿ ಆ ಬಳಗದ ಪ್ಯಾರಾಸೆರಾಥೀರಿಯಂ ಆನೆಯನ್ನೂ ಮೀರಿಸಿ ಬೆಳೆಯಿತು; ಬಳಿಕ ಅಳಿಯಿತು. ದೊಡ್ಡ ದೇಹವು ಹಗೆಗಳಿಂದ ಕಾಯುತ್ತದೆ. ಆದರೆ ಅದಕ್ಕೆ ಮೇವು ಹೆಚ್ಚು ಬೇಕು, ಮರಿಗಳು ವಿರಳ. ಹೀಗಾಗಿ ಕಾಡು ಕುಗ್ಗಿದಾಗ, ಬೇಟೆ ಹೆಚ್ಚಿದಾಗ ಸಂತತಿ ಚೇತರಿಸಿಕೊಳ್ಳುವುದು ಕಷ್ಟ.

ಫೂಟ್ 1912ರಲ್ಲಿ ನಿಧನರಾದರು. ಕರ್ನಾಟಕದ ಕಾಡುಗಳಲ್ಲಿ ಇಂದು ಖಡ್ಗಮೃಗವಿಲ್ಲ. ಆನೆಗಳನ್ನು ಇನ್ನೂ ಉಳಿಸಿಕೊಂಡಿರುವ ನಾಡಿಗೆ ಅವರು ಹೆಸರಿಸಿದ ಆ ಮೂಳೆಗಳು ಎಚ್ಚರಿಕೆಯಾಗಿವೆ.